ಕುಲುಮೆಯಿಂದ ಕಂದಕಕ್ಕೆ

ಯುದ್ಧದ ಚರಿತ್ರೆಯೆಂದರೆ ಸಾಮಾನ್ಯವಾಗಿ ರಣರಂಗ, ಸೇನಾನಿ, ಒಪ್ಪಂದಗಳ ಚರಿತ್ರೆ. ಸಣ್ಣ ಊರಿನ ಕಮ್ಮಾರ, ದರ್ಜಿ, ಬೇಕರಿಯವ ಅದರಲ್ಲಿ ಕಾಣಿಸುವುದು ಅಪರೂಪ. ಆದರೆ ಮೊದಲನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ಇಂಥವರೆಲ್ಲ ತಮ್ಮ ಕಸುಬಿನ ಪರವಾಗಿ ತಾವೇ ವಾದಿಸಬೇಕಾದ ಪ್ರಸಂಗ ಬಂದಿತು.

1914ರಲ್ಲಿ ಬ್ರಿಟನ್ ಸ್ವಇಚ್ಛೆಯಿಂದ ಸೇರಿದವರ ಸೈನ್ಯದೊಡನೆ ಯುದ್ಧಕ್ಕಿಳಿಯಿತು. ಸಾವುನೋವು ಏರಿದಂತೆ ಆ ಸೈನ್ಯ ಸಾಲದಾಯಿತು. 1916ರ ಜನವರಿಯಲ್ಲಿ ಸೈನಿಕ ಸೇವಾ ಕಾಯ್ದೆ ಬಂದು, 18ರಿಂದ 41 ವರ್ಷದೊಳಗಿನ ಅವಿವಾಹಿತರಿಗೆ ಸೇನೆ ಕಡ್ಡಾಯವಾಯಿತು. ಮೇ ತಿಂಗಳಲ್ಲಿ ವಿವಾಹಿತರ ಸರದಿಯೂ ಬಂತು. ಐರ್ಲೆಂಡಿಗೆ ಮಾತ್ರ ಕಾಯ್ದೆ ಅನ್ವಯಿಸಲಿಲ್ಲ.

ಆದರೂ ಕಾಯ್ದೆ ಒಂದು ಬಾಗಿಲನ್ನು ತೆರೆದಿಟ್ಟಿತ್ತು. ದೇಶಕ್ಕೆ ಅಗತ್ಯವಾದ ಕೆಲಸ, ಮನೆ ಅಥವಾ ವ್ಯಾಪಾರಕ್ಕೆ ಒದಗುವ ತೀವ್ರ ಸಂಕಷ್ಟ, ಅನಾರೋಗ್ಯ, ಯುದ್ಧವನ್ನು ಒಪ್ಪದ ಅಂತಃಸಾಕ್ಷಿ, ಇವುಗಳ ಆಧಾರದ ಮೇಲೆ ವಿನಾಯಿತಿ ಕೇಳಬಹುದಿತ್ತು. ಇದಕ್ಕಾಗಿ 2,000ಕ್ಕೂ ಹೆಚ್ಚು ಸ್ಥಳೀಯ ನ್ಯಾಯಮಂಡಳಿಗಳು ಏರ್ಪಟ್ಟವು. ಅವುಗಳ ಮೇಲೆ ಮೇಲ್ಮನವಿ ಮಂಡಳಿಗಳು, ಎಲ್ಲಕ್ಕೂ ಮೇಲೆ ಲಂಡನ್ನಿನ ಕೇಂದ್ರ ಮಂಡಳಿ. 1916ರ ಜೂನ್ ಅಂತ್ಯದೊಳಗೇ ಸುಮಾರು 7,50,000 ಮಂದಿ ಅರ್ಜಿ ಹಾಕಿದ್ದರು.

ಈ ಮಂಡಳಿಯ ಸದಸ್ಯರು ಯಾರು? ಬಹುಪಾಲು ಊರಿನ ಕೌನ್ಸಿಲರುಗಳು, ವರ್ತಕರು, ಜಮೀನುದಾರರು. ಅಂದರೆ ಅರ್ಜಿದಾರನ ಗಿರಾಕಿಯೋ ಪ್ರತಿಸ್ಪರ್ಧಿಯೋ ನ್ಯಾಯಪೀಠದಲ್ಲಿ ಕುಳಿತಿರುವ ಸಂಭವವಿತ್ತು. ವಿಚಾರಣೆ ಸಾಮಾನ್ಯವಾಗಿ ಬಹಿರಂಗ. ಮರುವಾರ ಸ್ಥಳೀಯ ಪತ್ರಿಕೆಯಲ್ಲಿ ವರದಿ. ಸಾಲ ಎಷ್ಟು, ವಯಸ್ಸಾದ ತಾಯಿಗೆ ಯಾರು ಗತಿ ಎಂಬುದೆಲ್ಲ ಊರಿನವರ ಎದುರಿಗೇ ಹೇಳಬೇಕು. ಸೈನ್ಯದ ಪ್ರತಿನಿಧಿ ಪಾಟೀಸವಾಲು ಹಾಕುತ್ತಿದ್ದ. ವಿನಾಯಿತಿ ಸಿಕ್ಕರೆ ಅದರ ವಿರುದ್ಧ ಮೇಲ್ಮನವಿಯನ್ನೂ ಸಲ್ಲಿಸಬಹುದಿತ್ತು.

ಒಬ್ಬನೇ ನಡೆಸುವ ಕಸುಬಿನವನ ಕಷ್ಟ ಇಲ್ಲಿ ಎದ್ದು ಕಾಣುತ್ತದೆ. ದೊಡ್ಡ ಕಾರ್ಖಾನೆಯಿಂದ ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ. ಊರಿನ ಒಬ್ಬನೇ ಕಮ್ಮಾರ ಹೋದರೆ ಕುದುರೆಗೆ ಲಾಳ ಕಟ್ಟುವವರಿಲ್ಲ, ನೇಗಿಲು ರಿಪೇರಿಯಿಲ್ಲ. ಅಂಗಡಿ ಮುಚ್ಚಿದರೆ ಗಿರಾಕಿಗಳು ಬೇರೆಡೆಗೆ ಹೋಗುತ್ತಾರೆ. ಬದುಕಿ ಬಂದವನಿಗೂ ಮತ್ತೆ ಆರಂಭಿಸುವುದು ಸುಲಭವಲ್ಲ. ಮಂಡಳಿಗಳು ಅನೇಕ ವೇಳೆ ಎರಡು ಮೂರು ತಿಂಗಳ ತಾತ್ಕಾಲಿಕ ವಿನಾಯಿತಿ ಕೊಡುತ್ತಿದ್ದವು. ಗಡುವು ಮುಗಿದೊಡನೆ ಮತ್ತೆ ಅರ್ಜಿ, ಮತ್ತೆ ಅದೇ ಪ್ರಶ್ನೆ.

ಯುದ್ಧ ಮುಗಿದ ಮೇಲೆ, 1921ರಲ್ಲಿ, ಈ ಕಡತಗಳನ್ನು ನಾಶಮಾಡಲು ಸರ್ಕಾರ ನಿರ್ಧರಿಸಿತು. ಕೇಂದ್ರ ಮಂಡಳಿಯದಲ್ಲದೆ, ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್, ಸ್ಕಾಟ್ಲೆಂಡಿನ ಲೋಥಿಯನ್–ಪೀಬಲ್ಸ್ ಮಂಡಳಿಗಳ ಕಾಗದಗಳನ್ನು ಮಾದರಿಗಾಗಿ ಉಳಿಸಿಕೊಳ್ಳಲಾಯಿತು. ಮಿಡ್ಲ್‌ಸೆಕ್ಸಿನ 11,000ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಅಂತಃಸಾಕ್ಷಿಯ ಕಾರಣ ಕೊಟ್ಟವರು ನೂರಕ್ಕೆ ಸುಮಾರು ಐವರು. ಉಳಿದವರಲ್ಲಿ ಹೆಚ್ಚಿನವರು ಯುದ್ಧ ತಪ್ಪೆಂದು ವಾದಿಸಲಿಲ್ಲ. ತಾವು ಹೋದರೆ ಅಂಗಡಿಯ, ಮನೆಯ ಗತಿಯೇನೆಂದು ಕೇಳಿದರು. ಹೇಡಿತನವೆಂದು ಸುಲಭವಾಗಿ ತಳ್ಳಿಹಾಕಬಹುದಾಗಿದ್ದ ಆ ಪ್ರಶ್ನೆಯನ್ನು ಕಾನೂನೇ ಕೇಳಿಸಿಕೊಳ್ಳಬೇಕಾಯಿತೆಂಬುದೇ ಈ ಕಡತಗಳ ಮಹತ್ವ.