ಡಾಕ್ಟರ ಮುಂದೆ ಇಡಬೇಕಾದ ಮೂರು ಲೆಕ್ಕ



ಮಕ್ಕಳ ವಾರ್ಡಿನಲ್ಲಿ 26 ವರ್ಷ ಸಿಸ್ಟರ್ ಆಗಿದ್ದವಳೆಂದು ಈ ವಿಷಯವನ್ನು ನನಗೆ ಒಪ್ಪಿಸಿದ್ದೀರಿ: ಕೂಸಿಗೆ ಫ್ಲೂ ಬಂದರೆ ಡಾಕ್ಟರ ಬಳಿ ಯಾವಾಗ ಹೋಗಬೇಕು, ಏನು ಹೇಳಬೇಕು? ಮಳೆಗಾಲ ಬಂತೆಂದರೆ ನಮ್ಮ ಡೊಂಬಿವಲಿಯ ಮಕ್ಕಳ ದವಾಖಾನೆಗಳ ಹೊರಗೆ ಚಪ್ಪಲಿಗಳ ರಾಶಿ, ಒದ್ದೆ ಕೊಡೆಗಳ ಸಾಲು. ಟೋಕನ್ ಹಿಡಿದು ಎರಡು ಗಂಟೆ ಕಾದರೆ ಒಳಗೆ ಸಿಗುವುದು ಐದು ನಿಮಿಷ. ಆ ಐದು ನಿಮಿಷದಲ್ಲಿ ತಾಯಿ ಹೇಳುವ ಮಾತು ಬಹಳ ಮುಖ್ಯ.

ಫ್ಲೂ ಬರೀ ನೆಗಡಿಯಲ್ಲ. 2009ರ ಆಗಸ್ಟ್‌ನಲ್ಲಿ ಹಂದಿಜ್ವರದ ಭಯದಿಂದ ಮುಂಬಯಿಯ ಶಾಲೆಗಳು ಮುಚ್ಚಿದ್ದು, ಕಸ್ತೂರ್ಬಾ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದು ನಿಮಗೆ ನೆನಪಿರಬಹುದು. ಆ ಎಚ್‌1ಎನ್‌1 ವೈರಸ್ ಇಂದು ಋತುಮಾನದ ಫ್ಲೂಗಳಲ್ಲಿ ಒಂದಾಗಿ ನಮ್ಮ ನಡುವೆಯೇ ಇದೆ. ಹೆಚ್ಚಿನ ಮಕ್ಕಳು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಆದರೆ ಎರಡು ವರ್ಷದೊಳಗಿನವರಲ್ಲಿ, ಅದರಲ್ಲೂ ಆರು ತಿಂಗಳೊಳಗಿನ ಕೂಸುಗಳಲ್ಲಿ, ಅದು ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಹೆಚ್ಚು.

ನಾವೆಲ್ಲ ಮೊದಲು ಹುಡುಕುವುದು ಥರ್ಮಾಮೀಟರ್. ಅದೂ ಬೇಕು. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಕಾಯುವಂತೆಯೇ ಇಲ್ಲ. ಆದರೆ ಜ್ವರದ ಅಂಕಿಗಿಂತ ಹೆಚ್ಚು ಹೇಳುವ ಮೂರು ಲೆಕ್ಕಗಳಿವೆ.

ಮೊದಲನೆಯದು ಉಸಿರು. ಮಗು ಮಲಗಿದ್ದಾಗ ಅಥವಾ ಸುಮ್ಮನಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆ ಎಷ್ಟು ಸಲ ಏರುತ್ತದೆಂದು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ನರಳಿದರೆ, ತುಟಿ ನೀಲಿಯಾದರೆ ಟೋಕನ್ ಮಾತೇ ಬೇಡ, ನೇರ ಆಸ್ಪತ್ರೆ.

ಎರಡನೆಯದು ಹಾಲು. ದಿನಾ ಕುಡಿಯುವುದರಲ್ಲಿ ಅರ್ಧವಾದರೂ ಕುಡಿಯುತ್ತಿದೆಯೇ? ಮೂರನೆಯದು ಮೂತ್ರ. ಎಂಟು ಗಂಟೆ ಲಂಗೋಟಿ ಒದ್ದೆಯಾಗದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದೇ ತಿಳಿಯಿರಿ.

ಕೆಲವು ವರ್ಷಗಳ ಹಿಂದೆ ನಮ್ಮ ಕಟ್ಟಡಕ್ಕೆ ಗದಗದ ಕಡೆಯ ಹುಡುಗಿಯೊಬ್ಬಳು ಏಳು ತಿಂಗಳ ಕೂಸಿನೊಂದಿಗೆ ಬಂದಿದ್ದಳು. ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಗಂಡ ಬೆಳಗಿನ ಫಾಸ್ಟ್ ಲೋಕಲ್ ಹಿಡಿದು ಹೋಗಿದ್ದ. ಅವಳ ಜೊತೆ ನಾನೂ ದವಾಖಾನೆಗೆ ಹೋದೆ. ಕೌಂಟರಿನಲ್ಲಿ ಕೇಳಿದ್ದು ಒಂದೇ: “ಜ್ವರ ಎಷ್ಟು?” 101. “ಕೂತುಕೊಳ್ಳಿ, ನಿಮ್ಮದು 34ನೇ ನಂಬರ್.” ಅವಳು ನನ್ನ ಕಡೆ ತಿರುಗಿ, “ಅಕ್ಕಾರ, ಪಕ್ಕಿ ಒಳಗ ಜಗ್ಗಾಕತ್ತಾವ್ರೀ” ಎಂದಳು. ಎಣಿಸಿದೆ, 64. ಒಂದು ಚೀಟಿಯಲ್ಲಿ ಬರೆದೆ: ವಯಸ್ಸು 7 ತಿಂಗಳು, ಉಸಿರು 64, ಹಾಲು ಅರ್ಧಕ್ಕಿಂತ ಕಡಿಮೆ, ಬೆಳಗಿನ 5ರಿಂದ ಮೂತ್ರವಿಲ್ಲ. ಚೀಟಿ ಒಳಗೆ ಹೋದ ಕೂಡಲೇ ಡಾಕ್ಟರೇ ಹೊರಗೆ ಬಂದರು. ಅರ್ಧ ಗಂಟೆಯಲ್ಲಿ ಮಗು ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿತ್ತು. ಆರನೇ ದಿನ ಮನೆಗೆ ಬಂತು. ಆ ತಾಯಿ ಕಂಡದ್ದು ಸರಿಯಾಗಿಯೇ ಇತ್ತು, ಹೇಳಲು ಭಾಷೆ ಇರಲಿಲ್ಲ. ಅಂಕಿಗೆ ಭಾಷೆಯ ಹಂಗಿಲ್ಲ. ಆದರೂ ಊರಿನಿಂದ ಹೊಸದಾಗಿ ಬಂದವರಿಗೆ ಮೂರು ಮರಾಠಿ ಮಾತು ಕಲಿಸಿಬಿಡಿ: “ಧಾಪ್ ಲಾಗ್ತೇ”, ಅಂದರೆ ಏದುಸಿರು; “ದೂಧ್ ಪೀತ್ ನಾಹೀ”; “ಶೂ ಝಾಲೀ ನಾಹೀ”.

ಇನ್ನು ಔಷಧಿ. ಮನೆಯಲ್ಲಿ ಕೊಟ್ಟ ಬಾಟಲಿಯನ್ನು ಜೊತೆಗೇ ಒಯ್ಯಿರಿ. ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಡ್ರಾಪ್ಸ್‌ನ ಒಂದು ಎಂಎಲ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇದ್ದರೆ, ಸಿರಪ್‌ನ ಐದು ಎಂಎಲ್‌ನಲ್ಲಿ 120 ಅಥವಾ 125. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಮದ್ದು ಹೊಟ್ಟೆಗೆ ಹೋಗುತ್ತದೆ. ಕೆಮ್ಮಿನ ಸಿರಪ್ಪನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಮಧ್ಯಪ್ರದೇಶದ ದುರಂತದ ಹೊತ್ತಿಗೆ, 2025ರ ಅಕ್ಟೋಬರಿನಲ್ಲಿ, ಕೇಂದ್ರ ಸರಕಾರವೇ ಹೇಳಿದೆ. ಅಜ್ಜಿಯರಲ್ಲಿ ಒಂದು ವಿನಂತಿ: ವರ್ಷ ತುಂಬುವವರೆಗೆ ಜೇನು ನೆಕ್ಕಿಸಬೇಡಿ. ವೈರಸ್‌ಗೆ ಆಂಟಿಬಯೋಟಿಕ್ ನಾಟುವುದಿಲ್ಲ, ಹಳೆಯ ಚೀಟಿ ತೋರಿಸಿ ತರಬೇಡಿ. ಫ್ಲೂಗೆಂದೇ ಇರುವ ಒಸೆಲ್ಟಾಮಿವಿರ್ ಮದ್ದು ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಅದು ಬೇಕೋ ಬೇಡವೋ ಡಾಕ್ಟರೇ ನಿರ್ಧರಿಸಬೇಕು. ಆದ್ದರಿಂದ ಕೂಸಿನ ವಿಷಯದಲ್ಲಿ “ಮೂರು ದಿನ ನೋಡೋಣ” ಎನ್ನುವುದು ಬೇಡ.

ಆರು ತಿಂಗಳಿಂದ ಐದು ವರ್ಷದವರೆಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಲು ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಲಹೆ ಮಾಡುತ್ತದೆ. ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಮಳೆಗೆ ಮೊದಲೇ ಹಾಕಿಸಿದರೆ ಒಳ್ಳೆಯದು. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಇಲ್ಲ. ಗರ್ಭಿಣಿಯಾಗಿದ್ದಾಗ ತಾಯಿ ಹಾಕಿಸಿಕೊಂಡದ್ದೇ ಅದಕ್ಕೆ ಕಾವಲು.

ರಾತ್ರಿಯ ಹೊತ್ತು ಎಲ್ಲಿಗೆ ಹೋಗುವುದೆಂದು ಈಗಲೇ ತಿಳಿದಿಟ್ಟುಕೊಳ್ಳಿ. ಡೊಂಬಿವಲಿ ಪಶ್ಚಿಮದಲ್ಲಿ ಶಾಸ್ತ್ರಿನಗರ, ಕಲ್ಯಾಣದಲ್ಲಿ ರುಕ್ಮಿಣಿಬಾಯಿ, ಥಾಣೆಯವರಿಗೆ ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ, ವಾಶಿಯಲ್ಲಿ ಮಹಾನಗರಪಾಲಿಕೆಯ ಆಸ್ಪತ್ರೆ ಇವೆ. ಆಂಬುಲೆನ್ಸಿಗೆ 108.

ನಿಮ್ಮ ಕಟ್ಟಡದಲ್ಲಿ ಊರಿನಿಂದ ಬಂದ ಎಳೆ ಬಾಣಂತಿ ಇದ್ದರೆ, ಹಬ್ಬದ ಕಜ್ಜಾಯದ ಜೊತೆಗೆ ಈ ಮೂರು ಲೆಕ್ಕವನ್ನೂ ಅವಳಿಗೆ ಕೊಟ್ಟು ಬನ್ನಿ. ಅತ್ತೆ, ತಾಯಿ ದೂರ ಇರುವ ಈ ಊರಿನಲ್ಲಿ ಅವಳ ಬಾಗಿಲು ತಟ್ಟಬೇಕಾದವರು ನಾವೇ.