ಬಿ.ಕಾಂ. ಆದ್ಮೇಲೆ ಫಾರ್ಮಸಿ: ಮತ್ತೆ ಪಿಯುಸಿ ಓದಿದ ಕಥೆ

ನಾನು ಓದಿದ್ದು ಬಿ.ಕಾಂ. ಐದು ವರ್ಷ ಮೆಡಿಕಲ್ ಶಾಪ್‌ನಲ್ಲಿ ಬಿಲ್ಲಿಂಗ್ ಮಾಡ್ತಿದ್ದೆ. ಒಂದಿನ ಒಬ್ಬರು ಅಜ್ಜಿ, ‘ಈ ಎರಡು ಮಾತ್ರೆ ಒಟ್ಟಿಗೆ ತಗೋಬಹುದಾ ಮಗಾ?’ ಅಂದ್ರು. ನನಗೆ ಗೊತ್ತಿರಲಿಲ್ಲ. ಫಾರ್ಮಸಿಸ್ಟ್ ಊಟ ಮುಗಿಸಿ ಬರೋವರೆಗೂ ಅಜ್ಜಿಯನ್ನ ಕೂರಿಸಿದೆ. ಅವತ್ತೇ ಅನ್ನಿಸ್ತು, ಇದನ್ನ ಕಲೀಬೇಕು.

ಒಬ್ಬ ಏಜೆಂಟ್, ‘ಸೈನ್ಸ್ ಬೇಡ, ದುಡ್ಡು ಕೊಡಿ, ಡಿ.ಫಾರ್ಮ್ ಸೀಟು ಗ್ಯಾರಂಟಿ’ ಅಂದ. ನಿಯಮ ತೆಗೆದು ಓದಿದೆ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ ಪಾಸಾಗಿರಲೇಬೇಕು. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಡಾಕ್ಟರ ಚೀಟಿಗೆ ಔಷಧಿ ಕೊಡೋದು ನೋಂದಾಯಿತ ಫಾರ್ಮಸಿಸ್ಟ್ ಕೆಲಸ. ನೋಂದಣಿ ಆಗದ ಸರ್ಟಿಫಿಕೇಟ್ ಬರೀ ಕಾಗದ.

ಹಾಗಾದ್ರೆ ದಾರಿ? ಮತ್ತೆ ಸೈನ್ಸ್ ಓದೋದು. ಎನ್‌ಐಒಎಸ್ ಮುಕ್ತ ಶಾಲೆಯಲ್ಲಿ 12ನೇ ತರಗತಿಗೆ ಸೇರಿದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ ಇರುತ್ತೆ. ಹಗಲು ಕೌಂಟರ್, ರಾತ್ರಿ ರಸಾಯನಶಾಸ್ತ್ರ. ಮೋಲ್ ಲೆಕ್ಕ ತಲೆಗೆ ಹತ್ತೋಕೆ ಒಂದು ತಿಂಗಳೇ ಬೇಕಾಯ್ತು. ಸೇರೋ ಮುಂಚೆ, ಈ ಅಂಕಪಟ್ಟಿ ನಡೆಯುತ್ತಾ ಅಂತ ಕಾಲೇಜನ್ನೂ ರಾಜ್ಯ ಫಾರ್ಮಸಿ ಪರಿಷತ್ತನ್ನೂ ಪತ್ರ ಬರೆದು ಕೇಳಿದ್ದೆ. ನೀವೂ ಹಾಗೇ ಮಾಡಿ. ಕಾಲೇಜಿಗೆ ಭಾರತೀಯ ಫಾರ್ಮಸಿ ಪರಿಷತ್ತಿನ ಅನುಮೋದನೆ ಇದೆಯಾ, ಅದನ್ನೂ ನೋಡಿ.

ಡಿ.ಫಾರ್ಮ್ ಎರಡು ವರ್ಷ, ಆಮೇಲೆ 500 ಗಂಟೆ ತರಬೇತಿ. ಈಗ ಎರಡನೇ ವರ್ಷದಲ್ಲಿದ್ದೀನಿ. ಕ್ಲಾಸಿನ ಹುಡುಗರು ‘ಅಣ್ಣಾ’ ಅಂತಾರೆ, ಮೊದಮೊದಲು ಮುಜುಗರ ಆಗ್ತಿತ್ತು. ಈಗ ಇಲ್ಲ. ಆ ಅಜ್ಜಿ ಮತ್ತೆ ಬಂದ್ರೆ ನಾನೇ ಉತ್ತರ ಕೊಡಬೇಕು, ಅಷ್ಟೇ.