ಹಣ್ಣಿನ ತಿಂಡಿ: ಕೇಳಬೇಕಾದ ಎರಡು ಪ್ರಶ್ನೆಗಳು



ಇಂದು ನಿಮ್ಮೊಡನೆ ಮಾತನಾಡಲು ಆರಿಸಿಕೊಂಡಿರುವ ವಿಷಯ ಮಕ್ಕಳಿಗಾಗಿ ಹಣ್ಣಿನ ತಿಂಡಿ. 'ಹಣ್ಣು ಆರೋಗ್ಯಕ್ಕೆ ಒಳ್ಳೆಯದು, ಇದರಲ್ಲಿ ಹೊಸದಾಗಿ ಹೇಳುವುದೇನಿದೆ?' ಎಂದು ನಿಮಗನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಆ ತಿಳುವಳಿಕೆ ಸಾಲದು ಎಂದು ಕಲಿಸಿದ್ದು ನಾನೇ ಮಾಡಿದ ಒಂದು ತಪ್ಪು. ಅಲ್ಲಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಹಣ್ಣಿನ ತಿಂಡಿ ಮಾಡಿ ತೋರಿಸುವ ಭಾಗವಿತ್ತು. ನಿರ್ಮಾಣದ ಹೊಣೆ ನನ್ನದು. ಸ್ಟುಡಿಯೋ ದೀಪಗಳ ಕೆಳಗೆ ಹೆಚ್ಚಿಟ್ಟ ಪರಂಗಿಹಣ್ಣು ಬಾಡಿತು, ಸೇಬು ಕಂದಿತು. ಕ್ಯಾಮೆರಾದಲ್ಲಿ ಹೊಳೆಯಲಿ ಎಂದು ಹೋಳುಗಳಿಗೆಲ್ಲ ಸಕ್ಕರೆ ಪಾಕ ಸವರಿಸಿದೆ. ಪಾಕಕ್ಕೆ ನಾಲ್ಕು ತೊಟ್ಟು ಕೆಂಪು ಬಣ್ಣವನ್ನೂ ಹಾಕಿಸಿದೆ. ದೃಶ್ಯ ಬಹಳ ಸೊಗಸಾಗಿ ಬಂತು. ಎರಡು ವಾರದ ನಂತರ ಒಬ್ಬ ತಾಯಿಯ ಪತ್ರ ಬಂತು. ಅವರ ಐದು ವರ್ಷದ ಮಗ ಅದುವರೆಗೆ ಪರಂಗಿಹಣ್ಣನ್ನು ಹಾಗೆಯೇ ತಿನ್ನುತ್ತಿದ್ದನಂತೆ. ಕಾರ್ಯಕ್ರಮ ನೋಡಿದ ಮೇಲೆ, ಟಿ.ವಿ.ಯಲ್ಲಿ ತೋರಿಸಿದ ಕೆಂಪು ಪಾಕ ಹಾಕಿದರೆ ಮಾತ್ರ ತಿನ್ನುತ್ತೇನೆಂದು ಹಟ ಹಿಡಿದಿದ್ದನಂತೆ. 'ಹಣ್ಣು ತಿನ್ನುವುದನ್ನು ಕಲಿಸುತ್ತೀರೆಂದು ಟಿ.ವಿ. ಹಾಕಿದೆ, ನೀವು ಬಿಡಿಸಿಬಿಟ್ಟಿರಿ' ಎಂದು ಬರೆದಿದ್ದರು. ವಿಜ್ಞಾನ ಓದಿದವನು ನಾನು. ಆದರೂ ಅಂದು ನೋಡಿದ್ದು ಚಿತ್ರವನ್ನು ಮಾತ್ರ, ಹಣ್ಣನ್ನಲ್ಲ.

ಅಂದಿನಿಂದ ಹಣ್ಣಿನ ಹೆಸರು ಹೊತ್ತ ಯಾವುದೇ ತಿಂಡಿ ಕಂಡರೂ ಎರಡು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಒಂದು, ಹಣ್ಣಿನಿಂದ ಏನನ್ನು ತೆಗೆದಿದ್ದಾರೆ? ಎರಡು, ಹಣ್ಣಿಗೆ ಏನನ್ನು ಸೇರಿಸಿದ್ದಾರೆ? ಇವನ್ನು ನೀವೂ ಕೇಳಿನೋಡಿ.

ಬೇಕರಿಯ ಬನ್ನು, ದಿಲ್‌ಪಸಂದ್‌ಗಳಲ್ಲಿ ಕೆಂಪು, ಹಸಿರು, ಹಳದಿ ಚೂರುಗಳಿರುತ್ತವಲ್ಲ, ಅದೇ ಟೂಟಿ ಫ್ರೂಟಿ. ಅದು ಯಾವ ಹಣ್ಣು ಗೊತ್ತೇ? ಸಾಮಾನ್ಯವಾಗಿ ಅದು ಹಣ್ಣೇ ಅಲ್ಲ, ಪರಂಗಿಕಾಯಿ! ಕಾಯನ್ನು ಸಣ್ಣಗೆ ಹೆಚ್ಚಿ, ಬೇಯಿಸಿ, ಬಣ್ಣ ಹಾಕಿದ ಗಟ್ಟಿ ಸಕ್ಕರೆ ಪಾಕದಲ್ಲಿ ನೆನೆಯಿಡುತ್ತಾರೆ. ಬೆಂದ ಜೀವಕೋಶಗಳ ಪೊರೆ ಒಡೆದಿರುವುದರಿಂದ ಸಕ್ಕರೆ ಒಳಗೆ ಇಳಿಯುತ್ತದೆ, ನೀರು ಹೊರಗೆ ಬರುತ್ತದೆ. ಉಳಿದ ನೀರನ್ನು ಸಕ್ಕರೆ ಹಿಡಿದಿಟ್ಟುಕೊಳ್ಳುವುದರಿಂದ ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಅದು ಸಿಗುವುದಿಲ್ಲ. ಹಾಗಾಗಿಯೇ ಅದು ತಿಂಗಳುಗಟ್ಟಲೆ ಕೆಡದು. ತಂತ್ರ ಜಾಣತನದ್ದೇ. ಆದರೆ ನಾಲಿಗೆಗೆ ಸಿಗುವ ಸಿಹಿಯೆಲ್ಲ ಸಕ್ಕರೆಯದು, ಕಣ್ಣಿಗೆ ಕಾಣುವ ಬಣ್ಣವೆಲ್ಲ ಬಾಟಲಿಯದು.

ಇನ್ನು ಹಣ್ಣಿನ ರಸ. ಮನೆಯಲ್ಲೇ ಹಿಂಡಿದ, ಸಕ್ಕರೆ ಹಾಕದ ರಸವೇ ಆದರೂ ಮೊದಲ ಪ್ರಶ್ನೆ ಉಳಿಯುತ್ತದೆ: ಏನನ್ನು ತೆಗೆದೆವು? ಸೋಸಿದಾಗ ನಾರು ಹೋಯಿತು. ಅಗಿಯುವ ಕೆಲಸವೂ ಹೋಯಿತು. 1977ರಲ್ಲಿ 'ಲ್ಯಾನ್ಸೆಟ್' ಎಂಬ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಸರಳ ಪ್ರಯೋಗದ ವರದಿ ಪ್ರಕಟವಾಯಿತು. ಹತ್ತು ಮಂದಿಗೆ ಸೇಬನ್ನು ಇಡಿಯಾಗಿ ಒಮ್ಮೆ, ಅರೆದು ಒಮ್ಮೆ, ರಸವಾಗಿ ಒಮ್ಮೆ ಕೊಟ್ಟರು. ಪ್ರತಿಸಲವೂ ಅದರಲ್ಲಿದ್ದ ಸಕ್ಕರೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ. ಇಡೀ ಹಣ್ಣಿಗಿಂತ ರಸ ಹನ್ನೊಂದು ಪಟ್ಟು ಬೇಗ ಖಾಲಿಯಾಯಿತು. ಹೊಟ್ಟೆ ತುಂಬಿದ ಭಾವನೆ ಮಾತ್ರ ರಸದಿಂದ ಎಲ್ಲಕ್ಕಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ಮಾರ್ಗಸೂಚಿಯಲ್ಲಿ, ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೆ ಜೇನುತುಪ್ಪ, ಹಣ್ಣಿನ ರಸಗಳ ಸಕ್ಕರೆಯನ್ನೂ ಸೇರಿಸಿದೆ. ಇಡೀ ಹಣ್ಣಿನೊಳಗಿರುವ ಸಕ್ಕರೆಯನ್ನು ಸೇರಿಸಿಲ್ಲ. ಆ ವ್ಯತ್ಯಾಸದ ಅರ್ಥ ಈಗ ನಿಮಗೆ ಹೊಳೆದಿರಬೇಕು.

ಪೊಟ್ಟಣದ 'ಹಣ್ಣಿನ ಪಾನೀಯ'ದ ವಿಷಯ ಇನ್ನೂ ಒಂದು ಹೆಜ್ಜೆ ಮುಂದೆ. ನಮ್ಮ ದೇಶದ ನಿಯಮದ ಪ್ರಕಾರ ಅದರಲ್ಲಿ ಶೇಕಡಾ 10ರಷ್ಟು ಹಣ್ಣಿನ ರಸವಿದ್ದರೆ ಸಾಕು. ನಿಂಬೆಯದಾದರೆ ಶೇಕಡಾ 5. ಪೊಟ್ಟಣದ ಹಿಂಭಾಗದಲ್ಲಿ ಸಾಮಗ್ರಿಗಳ ಹೆಸರನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಹಾಕಿರುತ್ತಾರೆ. ಮುಂದಿನ ಸಲ ಅಂಗಡಿಗೆ ಹೋದಾಗ ಮುಂಭಾಗದ ಚಿತ್ರ ಬಿಟ್ಟು ಆ ಸಣ್ಣ ಅಕ್ಷರಗಳನ್ನು ಓದಿ. ನೀರು, ಸಕ್ಕರೆ, ಆಮೇಲೆ ಹಣ್ಣು ಎಂದಿದ್ದರೆ ನೀವು ಕೊಳ್ಳುತ್ತಿರುವುದು ಮುಖ್ಯವಾಗಿ ಸಕ್ಕರೆ ನೀರನ್ನು.

ಹಾಗಾದರೆ ಹಣ್ಣನ್ನು ಸಂಸ್ಕರಿಸುವುದೇ ತಪ್ಪೇ? ಹಾಗಲ್ಲ. ಕರಾವಳಿ, ಮಲೆನಾಡುಗಳಲ್ಲಿ ಮಾವಿನ ರಸವನ್ನು ಚಾಪೆ, ತಟ್ಟೆಗಳ ಮೇಲೆ ತೆಳ್ಳಗೆ ಹರಡಿ, ಬಿಸಿಲಿಗಿಟ್ಟು, ಪದರದ ಮೇಲೆ ಪದರ ಹಾಕಿ ಮಾಂಬಳ ಮಾಡುತ್ತಾರೆ. ಉತ್ತರ ಕನ್ನಡದಲ್ಲಿ ಬಾಳೆಹಣ್ಣು ಒಣಗಿಸಿ ಸುಕೇಳಿ ಮಾಡುತ್ತಾರೆ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯವರು ಹಣ್ಣಿನ ಬಾರ್ ತಯಾರಿಸುವ ವಿಧಾನವನ್ನು ರೂಪಿಸಿದ್ದಾರೆ. ಅದರ ತತ್ತ್ವವೂ ಇದೇ: ನೀರನ್ನು ತೆಗೆಯುವುದು.

ಇಲ್ಲೊಂದು ಪುಟ್ಟ ಲೆಕ್ಕ. ಒಂದು ಕಿಲೋ ಮಾವಿನ ತಿರುಳಿನಲ್ಲಿ 800 ಗ್ರಾಂ ನೀರು, 200 ಗ್ರಾಂ ಉಳಿದ ಪದಾರ್ಥ ಎಂದಿಟ್ಟುಕೊಳ್ಳಿ. ಶೇಕಡಾ 20ರಷ್ಟು ನೀರು ಉಳಿಯುವಂತೆ ಒಣಗಿಸಿದರೆ ಕೊನೆಗೆ ಸಿಗುವ ಮಾಂಬಳ 250 ಗ್ರಾಂ. ಅಂದರೆ ಅಂಗೈಯಲ್ಲಿ ಹಿಡಿಯುವ 25 ಗ್ರಾಂ ತುಂಡು, 100 ಗ್ರಾಂ ತಿರುಳಿಗೆ ಸಮ. ನಾರು ಉಳಿದಿದೆ, ನಿಜ. ಆದರೆ ಬಿಸಿಲಿಗೆ 'ಸಿ' ಜೀವಸತ್ವ ಬಹುಪಾಲು ಹೋಗಿದೆ, ಸಕ್ಕರೆ ನಾಲ್ಕು ಪಟ್ಟು ಸಾಂದ್ರವಾಗಿದೆ, ಅದು ಹಲ್ಲಿಗೂ ಅಂಟುತ್ತದೆ. ಆದ್ದರಿಂದ ಸಕ್ಕರೆ ಸೇರಿಸದೆ ಮಾಡಿ, ಸಣ್ಣ ತುಂಡು ಕೊಡಿ, ತಿಂದ ಮೇಲೆ ಬಾಯಿ ಮುಕ್ಕಳಿಸಲು ಹೇಳಿ.

ಈಗ ಅಡುಗೆಮನೆಗೆ ಬರೋಣ. ಮನೆಯ ತಮ್ಮ ತಂಗಿಯರಿಗೆ ನೀವೇ ಮಾಡಿಕೊಡಬಹುದಾದ ಮೂರು ತಿಂಡಿಗಳಿವು.

ಮೊದಲನೆಯದು ಸೀಬೆಹಣ್ಣಿನ ಹೋಳು. ನಮ್ಮ ಉತ್ತರದ ಜಿಲ್ಲೆಗಳವರ ಪೇರಲ. ನೂರು ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ 'ಸಿ' ಜೀವಸತ್ವವಿದೆ. ಕಿತ್ತಳೆಯಲ್ಲಿ ಸುಮಾರು 50, ದುಬಾರಿ ಸೇಬಿನಲ್ಲಿ ಸುಮಾರು 5 ಮಾತ್ರ. ಸಿಪ್ಪೆ ತೆಗೆಯದೆ ತೊಳೆದು ಹೆಚ್ಚಿ, ನಿಂಬೆರಸ ಹಿಂಡಿ, ಚಿಟಿಕೆ ಉಪ್ಪು, ಮೆಣಸಿನ ಪುಡಿ ಉದುರಿಸಿ.

ಎರಡನೆಯದು ಬಾಳೆಹಣ್ಣಿನ ರಸಾಯನ, ಬೆಲ್ಲವಿಲ್ಲದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದ ಹಣ್ಣನ್ನೇ ಆರಿಸಿ. ಬಾಳೆ ಮಾಗುವಾಗ ಅದರ ಪಿಷ್ಟವೇ ಸಕ್ಕರೆಯಾಗಿರುತ್ತದೆ, ಬೇರೆ ಸಿಹಿ ಬೇಡ. ಹೋಳು ಮಾಡಿ, ತೆಂಗಿನ ತುರಿ, ಹುರಿದ ಎಳ್ಳು, ಏಲಕ್ಕಿ ಪುಡಿ ಬೆರೆಸಿ.

ಮೂರನೆಯದು ಖರ್ಜೂರದ ಉಂಡೆ. ಬೀಜ ತೆಗೆದ ಮೆತ್ತನೆಯ ಖರ್ಜೂರ ಒಂದು ಲೋಟ, ಹುರಿದು ಸಿಪ್ಪೆ ಉಜ್ಜಿದ ಕಡಲೆಕಾಯಿ ಬೀಜ ಒಂದು ಲೋಟ, ಹುರಿದ ಎಳ್ಳು ಕಾಲು ಲೋಟ. ಬೀಜವನ್ನು ಪುಡಿ ಮಾಡಿ, ಖರ್ಜೂರದೊಡನೆ ಕುಟ್ಟಿ ಸಣ್ಣ ಉಂಡೆ ಕಟ್ಟಿ. ಇದೂ ಒಣಹಣ್ಣೇ ಆದ್ದರಿಂದ ದಿನಕ್ಕೆ ಒಂದು ಸಾಕು.

ಒಂದು ಎಚ್ಚರಿಕೆ. ತೀರ ಚಿಕ್ಕ ಮಕ್ಕಳಿಗೆ ಇಡೀ ದ್ರಾಕ್ಷಿ, ಇಡೀ ಕಡಲೆಕಾಯಿ ಬೀಜ ಕೊಡಬೇಡಿ. ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟುವ ಅಪಾಯವುಂಟು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ.

ಆ ತಾಯಿಗೆ ತಪ್ಪೊಪ್ಪಿಕೊಂಡು ಉತ್ತರ ಬರೆದೆ. ಮುಂದಿನ ಕಂತಿನಲ್ಲಿ ಪಾಕದ ಗುಟ್ಟನ್ನು ಮಕ್ಕಳ ಮುಂದೆ ಹೇಳಿಸಿದೆ. ಹೆಚ್ಚಿದ ಸೇಬಿನ ಎರಡು ಹೋಳು ಇಟ್ಟು, ಒಂದಕ್ಕೆ ಮಾತ್ರ ನಿಂಬೆರಸ ಸವರಿ, ಕ್ಯಾಮೆರಾವನ್ನು ಅಲ್ಲೇ ನಿಲ್ಲಿಸಿದೆವು. ಸವರದ ಹೋಳು ಎಲ್ಲರ ಕಣ್ಣೆದುರೇ ಕಂದಾಯಿತು. ಗಾಳಿಯ ಆಮ್ಲಜನಕದೊಡನೆ ಹಣ್ಣಿನ ಕಿಣ್ವ ಮಾಡುವ ಕೆಲಸವದು, ನಿಂಬೆಯ ಹುಳಿ ಮತ್ತು 'ಸಿ' ಜೀವಸತ್ವ ಅದನ್ನು ತಡೆಯುತ್ತವೆ ಎಂದು ವಿವರಿಸಿದೆವು. ಕಂದಿದ ಹೋಳನ್ನು ತಿನ್ನಬಹುದೇ ಎಂದು ಒಬ್ಬ ಹುಡುಗಿ ಕೇಳಿದಳು. ತಿನ್ನಬಹುದು ಎಂದೆವು. ಅವಳು ಅಲ್ಲೇ ತಿಂದು, ರುಚಿ ಹಾಗೇ ಇದೆ ಎಂದಳು.

ನೀವೂ ಇಂದು ಸಂಜೆ ಮನೆಯಲ್ಲಿ ಈ ಪ್ರಯೋಗ ಮಾಡಿನೋಡಿ. ಪಕ್ಕದಲ್ಲಿ ಪುಟ್ಟ ತಮ್ಮನೋ ತಂಗಿಯೋ ಇರಲಿ.